ಮೈಕ್ರೋನೀಡ್ಲಿಂಗ್: ಸೂಜಿಯ ಕೆಲಸ ಎಷ್ಟು, ಚರ್ಮದ ಕೆಲಸ ಎಷ್ಟು

(ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಖಕ್ಕೆ ಸಣ್ಣ ಸಣ್ಣ ಸೂಜಿ ಚುಚ್ಚಿಸಿಕೊಂಡರೆ ಮೊಡವೆ ಕಲೆ ತಿಳಿಯಾಗುತ್ತದೆ, ನೆತ್ತಿಗೆ ಚುಚ್ಚಿಸಿಕೊಂಡರೆ ಕೂದಲು ದಟ್ಟವಾಗುತ್ತದೆ ಅಂದರೆ ಮೊದಲ ಸಲ ಕೇಳಿದವರಿಗೆ ಗಾಬರಿಯಾಗುವುದು ಸಹಜ. ಗಾಬರಿ ಇಳಿದ ಮೇಲೆ ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಆನ್‌ಲೈನ್‌ನಲ್ಲಿ ಸೂಜಿ ಕೂರಿಸಿದ ಒಂದು ರೋಲರ್ ತರಿಸಿಕೊಳ್ಳುತ್ತಾರೆ. ದಿನಾ ರಾತ್ರಿ ಮುಖದ ಮೇಲೆ ಉರುಳಿಸುತ್ತಾರೆ. ಉರಿ ಜಾಸ್ತಿ ಆದಷ್ಟೂ ಗುಣ ಜಾಸ್ತಿ ಅಂದುಕೊಳ್ಳುತ್ತಾರೆ. ನಾನು ಚರ್ಮರೋಗ ವೈದ್ಯೆ. ಈ ಎರಡೂ ಬಗೆಯವರು ನನ್ನ ಬಳಿ ಬರುತ್ತಾರೆ. ಮೊದಲನೆಯವರಿಗೆ ಧೈರ್ಯ ಹೇಳಿದರೆ ಸಾಕು. ನನಗೆ ಚಿಂತೆ ಇರುವುದು ಎರಡನೆಯವರ ಬಗ್ಗೆ.

ಆದ್ದರಿಂದ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮೈಕ್ರೋನೀಡ್ಲಿಂಗ್‌ನಲ್ಲಿ ಸೂಜಿ ಏನನ್ನೂ ವಾಸಿ ಮಾಡುವುದಿಲ್ಲ. ಸೂಜಿ ಗಾಯ ಮಾಡುತ್ತದೆ. ಆ ಗಾಯವನ್ನು ಮಾಯಿಸಿಕೊಳ್ಳಲು ಚರ್ಮ ತಾನೇ ಶುರು ಮಾಡುವ ಕೆಲಸ ಇದೆಯಲ್ಲ, ಅದೇ ಚಿಕಿತ್ಸೆ. ಎಷ್ಟು ಆಳ ಚುಚ್ಚಬೇಕು, ಎಷ್ಟು ದಿನಕ್ಕೊಮ್ಮೆ, ಚುಚ್ಚಿದ ಮೇಲೆ ಏನು ಹಚ್ಚಬಹುದು, ಯಾರು ಮಾಡಿಸಿಕೊಳ್ಳಬಾರದು – ಈ ಎಲ್ಲ ಪ್ರಶ್ನೆಗಳಿಗೂ ಉತ್ತರ ಆ ಒಂದು ಮಾತಿನಲ್ಲೇ ಇದೆ.

ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಏನೂ ಅಲ್ಲ. 1995ರಲ್ಲಿ ಡೇವಿಡ್ ಮತ್ತು ನಾರ್ಮನ್ ಓರೆನ್‌ಟ್ರೈಕ್ ಎಂಬ ಅಮೆರಿಕದ ಚರ್ಮವೈದ್ಯರು ಸಬ್‌ಸಿಷನ್ ಎಂಬ ವಿಧಾನದ ಬಗ್ಗೆ ಬರೆದರು. ಕೆಲವು ಕಲೆಗಳು ತಗ್ಗಾಗಿರುವುದಕ್ಕೆ ಕಾರಣ, ಕೆಳಗಿನಿಂದ ನಾರುಗಳು ಚರ್ಮವನ್ನು ಹಿಡಿದು ಎಳೆದಿರುವುದು. ಅವರು ಕಲೆಯ ಅಡಿಗೆ ಸೂಜಿ ತೂರಿಸಿ ಆ ನಾರುಗಳನ್ನು ಕತ್ತರಿಸಿದರು. ಬಿಡುಗಡೆಯಾದ ಜಾಗದಲ್ಲಿ ಹೊಸ ಅಂಗಾಂಶ ತುಂಬಿಕೊಂಡು ತಗ್ಗು ಮೇಲೆದ್ದಿತು.

ಅದರ ನಂತರದ ಹೆಜ್ಜೆ ನನಗೆ ತುಂಬ ಇಷ್ಟ. ಕೆನಡಾದ ಪ್ಲಾಸ್ಟಿಕ್ ಸರ್ಜನ್ ಆಂದ್ರೆ ಕಾಮಿರಾಂ ಮುಖದ ಶಸ್ತ್ರಚಿಕಿತ್ಸೆಯಾದ ಮೇಲೆ ಉಳಿದ ಬಿಳಿ ಗೆರೆಗಳನ್ನು ಮರೆಮಾಡಲು ಚರ್ಮದ ಬಣ್ಣದ ಟ್ಯಾಟೂ ಹಾಕುತ್ತಿದ್ದರು. ಒಂದೆರಡು ವರ್ಷದ ಮೇಲೆ ಅವೇ ರೋಗಿಗಳನ್ನು ನೋಡಿದಾಗ ಟ್ಯಾಟೂ ಬಣ್ಣ ಮಾಸಿಹೋಗಿತ್ತು. ಆದರೆ ಗೆರೆ ಮೆತ್ತಗಾಗಿತ್ತು, ಅಲ್ಲಿಗೆ ಚರ್ಮದ ಸ್ವಂತ ಬಣ್ಣವೇ ಮರಳಿತ್ತು. ಹಾಗಾದರೆ ಗುಣ ಮಾಡಿದ್ದು ಬಣ್ಣವಲ್ಲ, ಸೂಜಿಯ ಏಟು. ಅವರು ಟ್ಯಾಟೂ ಯಂತ್ರದಿಂದ ಬಣ್ಣವನ್ನೇ ತೆಗೆದುಬಿಟ್ಟು, ಬರೀ ಸೂಜಿಯಿಂದ ಕಲೆಗಳಿಗೆ ಚಿಕಿತ್ಸೆ ಕೊಟ್ಟು 1997ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ದಕ್ಷಿಣ ಆಫ್ರಿಕಾದ ಡೆಸ್ ಫರ್ನಾಂಡಿಸ್ ಸಣ್ಣ ಉರುಳೆಯ ಸುತ್ತ ಸೂಜಿ ಕೂರಿಸಿ, ಇಡೀ ಮುಖಕ್ಕೆ ಬಳಸಬಹುದಾದ ರೋಲರ್ ರೂಪಿಸಿದರು. ಇವತ್ತು ಡರ್ಮಾರೋಲರ್ ಅಂತ ನಾವು ಕರೆಯುವುದು ಅದೇ ಜಾತಿಯದ್ದು. ಅದರ ಮೇಲೆ ಸಾಮಾನ್ಯವಾಗಿ 192 ಸೂಜಿ ಇರುತ್ತವೆ. ಈಗ ಕ್ಲಿನಿಕ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಪೆನ್ ಆಕಾರದ ಮೋಟಾರು ಸಾಧನ. ಅದರ ತುದಿಯಲ್ಲಿ ಒಮ್ಮೆ ಬಳಸಿ ಎಸೆಯುವ ಸೂಜಿ ಕಾರ್ಟ್ರಿಜ್ ಇರುತ್ತದೆ.

ಈಗ ಚರ್ಮದೊಳಗೆ ಏನಾಗುತ್ತದೆ ನೋಡೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಚರ್ಮದ ಮೇಲಿನ ಪದರ ಎಪಿಡರ್ಮಿಸ್. ಮುಖದಲ್ಲಿ ಅದು ಬಹಳ ತೆಳು, ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗ. ಕಣ್ಣ ರೆಪ್ಪೆಯಲ್ಲಿ ಅದಕ್ಕಿಂತಲೂ ತೆಳು. ಅದರ ಕೆಳಗಿರುವುದು ಡರ್ಮಿಸ್, ಒಂದೆರಡು ಮಿಲಿಮೀಟರ್ ದಪ್ಪ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರು, ಸಣ್ಣ ರಕ್ತನಾಳ, ನರದ ತುದಿ ಎಲ್ಲ ಇರುವುದು ಇಲ್ಲಿ. ಮೊಡವೆ ಹೋದ ಮೇಲೆ ಉಳಿಯುವ ತಗ್ಗು ಕೂಡ ಈ ಪದರದ ನಷ್ಟವೇ. ಮೇಲಿಂದ ಎಷ್ಟು ಕ್ರೀಮ್ ಹಚ್ಚಿದರೂ ಗುಳಿ ತುಂಬದಿರುವುದು ಇದಕ್ಕೇ.

ಸೂಜಿ ಡರ್ಮಿಸ್ ಮುಟ್ಟಿದಾಗ ಸಣ್ಣ ರಕ್ತನಾಳ ಒಡೆಯುತ್ತದೆ. ರಕ್ತದ ಪ್ಲೇಟ್‌ಲೆಟ್ ಕಣಗಳು ಅಲ್ಲಿಗೆ ಬಂದು ಅಂಟಿಕೊಂಡು, ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೊಟೀನ್‌ಗಳನ್ನು ಬಿಡುತ್ತವೆ. ಬಿಳಿ ರಕ್ತಕಣಗಳು ಬರುತ್ತವೆ. ಮುಖ ಕೆಂಪಾಗಿ, ಸ್ವಲ್ಪ ಊದಿ, ಬಿಸಿಬಿಸಿ ಅನ್ನಿಸುವುದು ಆಗಲೇ. ಕೆಲವು ದಿನಗಳಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಕೆಲಸಕ್ಕಿಳಿದು ಹೊಸ ಕೊಲಾಜೆನ್ ನೇಯುತ್ತವೆ. ಮೊದಲು ಬರುವುದು ಮೂರನೇ ಬಗೆಯ ಕೊಲಾಜೆನ್. ಟೈಲರ್ ಮೊದಲು ಹಾಕುವ ಕಚ್ಚಾ ಹೊಲಿಗೆಯ ಹಾಗೆ ಅದು, ತಾತ್ಕಾಲಿಕವಾಗಿ ಹಿಡಿದಿಡುವುದಕ್ಕೆ. ಮುಂದಿನ ವಾರ, ತಿಂಗಳುಗಳಲ್ಲಿ ಅದನ್ನು ಬಿಚ್ಚಿ ಗಟ್ಟಿಯಾದ ಒಂದನೇ ಬಗೆಯ ಕೊಲಾಜೆನ್ ಕೂರುತ್ತದೆ. ಈ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ.

ಇಷ್ಟು ತಿಳಿದ ಮೇಲೆ ಒಂದು ವಿಷಯ ಸ್ಪಷ್ಟ ಅಲ್ವಾ? ವಾರಕ್ಕೆ ಎರಡು ಸಲ ಆಳವಾಗಿ ಚುಚ್ಚಿದರೆ ಆ ಕಚ್ಚಾ ಹೊಲಿಗೆಯನ್ನೇ ಮತ್ತೆ ಮತ್ತೆ ಕಿತ್ತ ಹಾಗೆ. ಉರಿಯೂತ ಇಳಿಯಲು ಬಿಡುವೇ ಸಿಗುವುದಿಲ್ಲ. ಕಲೆಗೆ ಚಿಕಿತ್ಸೆ ಕೊಡುವಾಗ ನಾವು ಸಾಮಾನ್ಯವಾಗಿ 4ರಿಂದ 6 ವಾರ ಬಿಟ್ಟು ಮುಂದಿನ ಸರದಿ ಕೊಡುವುದು ಇದೇ ಕಾರಣಕ್ಕೆ. ಮೂರರಿಂದ ಆರು ಸರದಿ ಬೇಕಾಗಬಹುದು. ಪೂರ್ತಿ ಫಲ ಕಾಣುವುದು ಕೊನೆಯ ಸರದಿಯಾಗಿ ಕೆಲವು ತಿಂಗಳ ಮೇಲೆ. ಮಾಡಿಸಿಕೊಂಡ ಮೂರನೇ ದಿನಕ್ಕೆ ಮುಖ ತುಂಬಿಕೊಂಡಂತೆ, ನುಣ್ಣಗೆ ಕಾಣುತ್ತದೆ. ಅದು ಊತ. ಅದನ್ನು ನೋಡಿ ಖುಷಿಪಟ್ಟವರು ಎರಡನೇ ವಾರ ಊತ ಇಳಿದಾಗ ಬೇಜಾರಾಗುತ್ತಾರೆ. ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಲೇಸರ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ತುಂಬ ಜನ ಕೇಳುತ್ತಾರೆ. ಕಲೆಗೆ ಬಳಸುವ ಹಲವು ಲೇಸರ್‌ಗಳು ಶಾಖದಿಂದ ಕೆಲಸ ಮಾಡುತ್ತವೆ, ಮೇಲಿನ ಪದರವನ್ನೂ ಸುಡುತ್ತವೆ. ಸಾದಾ ಸೂಜಿಯಲ್ಲಿ ಶಾಖ ಇಲ್ಲ. ಮೇಲಿನ ಪದರ ಬಹುಪಾಲು ಹಾಗೇ ಉಳಿಯುತ್ತದೆ, ರಂಧ್ರಗಳು ಸುಮಾರು ಒಂದು ದಿನದೊಳಗೆ ಮುಚ್ಚಿಕೊಳ್ಳುತ್ತವೆ. ಚರ್ಮದ ಬಣ್ಣ ಗಾಢವಾದಷ್ಟೂ ಗಾಯದ ಮೇಲೆ ಕಪ್ಪು ಕಲೆ ಉಳಿಯುವ ಭಯ ಜಾಸ್ತಿ. ಅಂಥವರಿಗೆ ಸೂಜಿ ಒಳ್ಳೆಯ ಆಯ್ಕೆ ಆಗುವುದು ಇದರಿಂದಲೇ. ಭಯ ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಮಾಡಿಸಿಕೊಂಡ ಮರುದಿನವೇ ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಲ್ಲಿ ಓಡಾಡಿದರೆ ಯಾರ ಮುಖವಾದರೂ ಕಪ್ಪಾಗಬಹುದು.

ಇನ್ನು ಆಳದ ಲೆಕ್ಕ. ಮನೆಬಳಕೆಗೆ ಅಂತ ಮಾರುವ ರೋಲರ್‌ಗಳಲ್ಲಿ ಸೂಜಿ ಹೆಚ್ಚಾಗಿ 0.2, 0.25 ಮಿಲಿಮೀಟರ್ ಉದ್ದ ಇರುತ್ತದೆ. ಅದು ಮೇಲಿನ ಪದರ ದಾಟಿ ಹೆಚ್ಚು ಒಳಗೆ ಹೋಗುವುದಿಲ್ಲ. ಹಚ್ಚಿದ್ದು ಜಾಸ್ತಿ ಒಳಗಿಳಿಯುವಂತೆ ಮಾಡುತ್ತದೆ, ಅಷ್ಟೆ. ಗುಳಿಬಿದ್ದ ಕಲೆಗೆ ಅದರಿಂದ ಪ್ರಯೋಜನ ಇಲ್ಲ. ಮುಖದ ಸಣ್ಣ ಸುಕ್ಕಿಗೆ, ಹಗುರ ಕಲೆಗೆ ಕ್ಲಿನಿಕ್‌ನಲ್ಲಿ 1ರಿಂದ 1.5 ಮಿಲಿಮೀಟರ್ ಬಳಸುತ್ತೇವೆ. ಕೆನ್ನೆಯ ಆಳವಾದ ಮೊಡವೆ ಕಲೆಗೆ 2, ಕೆಲವೊಮ್ಮೆ 2.5. ಹಣೆ, ಮೂಗು, ದವಡೆಯ ಅಂಚು – ಚರ್ಮದ ಕೆಳಗೇ ಮೂಳೆ ಸಿಗುವ ಜಾಗಗಳಲ್ಲಿ ಆಳ ಕಡಿಮೆ ಮಾಡುತ್ತೇವೆ. ಅಂಥ ಕಡೆ ಉದ್ದ ಸೂಜಿಯ ರೋಲರನ್ನು ಒತ್ತಿ ಎಳೆದಾಗ ರೈಲು ಹಳಿಯಂತೆ ಸಾಲುಸಾಲು ಚುಕ್ಕೆಗಳ ಕಲೆ ಉಳಿದ ಉದಾಹರಣೆಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಲೆ ಹೋಗಲಿ ಅಂತ ಹೋಗಿ ಕಲೆ ತಂದುಕೊಂಡರೆ ಎಷ್ಟು ಸಂಕಟ ಯೋಚಿಸಿ.

ಸರಿಯಾಗಿ ಮಾಡಿದ ಒಂದು ಸರದಿ ಹೇಗಿರುತ್ತದೆ ಅಂತ ಹೇಳುತ್ತೇನೆ. ಮುಖವನ್ನು ಸೋಪಿನಿಂದ ತೊಳೆಸಿ, ಮರಗಟ್ಟಿಸುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕೂರಿಸುತ್ತೇವೆ. ಆಮೇಲೆ ಆ ಕ್ರೀಮನ್ನು ಒಂಚೂರೂ ಬಿಡದೆ ಒರೆಸುತ್ತೇವೆ. ಯಾಕೆಂದರೆ ಅದೂ ರಂಧ್ರದೊಳಗೆ ಹೋಗಬಾರದು. ನಂತರ ಕ್ರಿಮಿನಾಶಕ ದ್ರಾವಣದಿಂದ ಚರ್ಮ ಸ್ವಚ್ಛ ಮಾಡುತ್ತೇವೆ. ಸೂಜಿಯ ಕಾರ್ಟ್ರಿಜ್ ಇರುವ ಪೊಟ್ಟಣವನ್ನು ರೋಗಿಯ ಕಣ್ಣೆದುರೇ ಹರಿಯಬೇಕು. ಎಡಗೈಯ ಎರಡು ಬೆರಳಲ್ಲಿ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಪೆನ್ನಿನ ತುದಿಯನ್ನು ನೇರವಾಗಿ ಇಟ್ಟು, ಅಂಗೈ ಅಗಲದ ಜಾಗವನ್ನು ಅಡ್ಡ, ಉದ್ದ, ಓರೆ ಮೂರೂ ದಿಕ್ಕಿನಲ್ಲಿ ಮುಗಿಸುತ್ತೇವೆ. ಮೊದಲು ಚರ್ಮ ಕೆಂಪೇರುತ್ತದೆ. ಕಲೆಗೆ ಚಿಕಿತ್ಸೆಯಾದರೆ ಆಮೇಲೆ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆಗಳು ಒಂದೊಂದಾಗಿ ಏಳುತ್ತವೆ. ಅವು ಒಂದೇ ಸಮನೆ ಕಾಣಿಸಿಕೊಂಡರೆ ಆ ಜಾಗದ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಒತ್ತುವುದರಲ್ಲಿ ಅರ್ಥವಿಲ್ಲ. ತಣ್ಣನೆಯ ಸಲೈನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟರೆ ಕೆಲವೇ ನಿಮಿಷದಲ್ಲಿ ರಕ್ತ ನಿಲ್ಲುತ್ತದೆ. ಬಳಸಿದ ಸೂಜಿ ನೇರ ಸೂಜಿ ಎಸೆಯುವ ಡಬ್ಬಿಗೆ ಹೋಗಬೇಕು. ಅದನ್ನು ತೊಳೆದು 'ನಿಮ್ಮ ಹೆಸರಲ್ಲೇ ಇಟ್ಟಿರುತ್ತೇವೆ, ಮುಂದಿನ ಸಲ ಬಳಸೋಣ' ಅಂದರೆ ಒಪ್ಪಬೇಡಿ.

ಆ ದಿನ, ಮರುದಿನ ಮುಖ ಬಿಸಿಲಿಗೆ ಬೆಂದಂತೆ ಇರುತ್ತದೆ. ಎರಡು ಮೂರು ದಿನಕ್ಕೆ ಕೆಂಪು ಇಳಿಯುತ್ತದೆ, ಕೆಲವರಿಗೆ ಸಣ್ಣಗೆ ಸಿಪ್ಪೆ ಏಳುತ್ತದೆ. ಕೀಳಬೇಡಿ. ಮೊದಲ ದಿನ ಸಲೈನ್ ಅಥವಾ ಸಾದಾ ನೀರು, ವೈದ್ಯರು ಕೊಟ್ಟ ಪರಿಮಳವಿಲ್ಲದ ಮಾಯಿಶ್ಚರೈಸರ್, ಅಷ್ಟೇ ಸಾಕು. ಮೇಕಪ್, ಬೆವರು ಸುರಿಸುವ ವ್ಯಾಯಾಮ, ಈಜು ಬೇಡ. ರೆಟಿನಾಲ್, ಆ್ಯಸಿಡ್ ಇರುವ ಫೇಸ್‌ವಾಶ್, ಸ್ಕ್ರಬ್ ಇವೆಲ್ಲ ಚರ್ಮ ಪೂರ್ತಿ ಶಾಂತವಾಗುವವರೆಗೆ ಬೀರುವಿನಲ್ಲೇ ಇರಲಿ.

ಯಾವ ಕಲೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ? ಅಲೆಅಲೆಯಾಗಿ ಅಗಲವಾಗಿರುವ ತಗ್ಗಿಗೆ, ಅಂಚಿರುವ ಆದರೆ ಹೆಚ್ಚು ಆಳವಿಲ್ಲದ ಗುಳಿಗೆ ಚೆನ್ನಾಗಿ ಆಗುತ್ತದೆ. ಮೊಳೆ ಹೊಡೆದಂತೆ ಕಿರಿದಾಗಿ ಆಳಕ್ಕಿಳಿದಿರುವ ಗುಳಿಗೆ ಅಷ್ಟಾಗಿ ಆಗುವುದಿಲ್ಲ. ಅದಕ್ಕೆ ಬೇರೆ ಉಪಾಯಗಳಿವೆ: ಗುಳಿಯೊಳಗೆ ಮಾತ್ರ ಗಾಢ ಆ್ಯಸಿಡ್ ಮುಟ್ಟಿಸುವುದು, ಸಣ್ಣಗೆ ಕತ್ತರಿಸಿ ತೆಗೆಯುವುದು. ಹೆಚ್ಚಿನವರ ಮುಖದಲ್ಲಿ ಮೂರೂ ಬಗೆಯ ಕಲೆ ಬೆರೆತಿರುತ್ತವೆ. ಆದ್ದರಿಂದ ಒಂದೇ ಚಿಕಿತ್ಸೆಯಿಂದ ಎಲ್ಲ ಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಕಲೆ ತಿಳಿಯಾಗುತ್ತದೆ, ಆಳ ತಗ್ಗುತ್ತದೆ. ಪೂರ್ತಿ ಅಳಿಸಿಹೋಗುವುದು ಅಪರೂಪ. ಹೀಗೆ ಹೇಳಿದಾಗ ಎದುರು ಕೂತವರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ಆದರೂ ಮೊದಲೇ ಹೇಳಬೇಕು.

ಬಂಗಿನ ವಿಷಯ ಬೇರೆ. ಅಲ್ಲಿ ಸೂಜಿಯನ್ನು ಔಷಧ ಒಳಗಿಳಿಸಲು ಒಂದು ಪೂರಕವಾಗಿ ಬಳಸುತ್ತಾರೆ. ಅದೂ ಕಡಿಮೆ ಆಳಕ್ಕೆ. ಒರಟಾಗಿ ಮಾಡಿದರೆ ಬಂಗು ಕೆರಳುತ್ತದೆ.

ಈಗ ಕೂದಲಿಗೆ ಬರೋಣ. ಗಂಡಸರಲ್ಲಿ ಹಣೆಯ ಎರಡು ಮೂಲೆ ಹಿಂದೆ ಸರಿದು ನೆತ್ತಿ ಬೋಳಾಗುವುದು, ಹೆಂಗಸರಲ್ಲಿ ಬೈತಲೆ ಅಗಲವಾಗುತ್ತ ಹೋಗುವುದು – ಇದು ವಂಶದಿಂದ ಬರುವ ಕೂದಲು ತೆಳುವಾಗುವಿಕೆ. ಮೊದಮೊದಲು ಕೂದಲ ಬುಡ ಸಾಯುವುದಿಲ್ಲ, ಕುಗ್ಗುತ್ತ ಹೋಗುತ್ತದೆ. ಪ್ರತಿ ಸುತ್ತಿನಲ್ಲೂ ಇನ್ನಷ್ಟು ಸಣ್ಣ, ಇನ್ನಷ್ಟು ಗಿಡ್ಡ ಕೂದಲು ಹುಟ್ಟುತ್ತದೆ. ಈ ಹಂತದಲ್ಲಿ ಸೂಜಿ ನೆರವಾಗಬಹುದು. ಚುಚ್ಚಿದಾಗ ಬಿಡುಗಡೆಯಾಗುವ ಅದೇ ಪ್ರೊಟೀನ್‌ಗಳು ಕೂದಲ ಬುಡದ ಕೋಶಗಳನ್ನೂ ಎಚ್ಚರಿಸುತ್ತವೆ ಎಂಬುದು ಸದ್ಯದ ತಿಳುವಳಿಕೆ.

ಇದಕ್ಕೆ ದಾರಿ ಮಾಡಿದ ಅಧ್ಯಯನ 2013ರಲ್ಲಿ ಬಂತು. ಮುಂಬೈನ ಚರ್ಮವೈದ್ಯೆ ರಚಿತಾ ಧುರತ್ ಮತ್ತು ಸಂಗಡಿಗರು 100 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂದಲು ಬೆಳೆಯಲೆಂದು ನೆತ್ತಿಗೆ ಹಚ್ಚುವ ಔಷಧ, 5% ಮಿನಾಕ್ಸಿಡಿಲ್, ದಿನಕ್ಕೆರಡು ಸಲ. ಇನ್ನೊಂದು ಗುಂಪಿಗೆ ಅದರ ಜೊತೆ ವಾರಕ್ಕೊಮ್ಮೆ 1.5 ಮಿಲಿಮೀಟರ್ ಸೂಜಿಯ ರೋಲರ್. 12 ವಾರದ ಮೇಲೆ ಗುರುತು ಹಾಕಿದ ಜಾಗದಲ್ಲಿ ಕೂದಲು ಎಣಿಸಿದರು. ಬರೀ ಮಿನಾಕ್ಸಿಡಿಲ್ ಗುಂಪಿನಲ್ಲಿ ಸರಾಸರಿ 22 ಕೂದಲು ಹೆಚ್ಚಾಗಿದ್ದವು. ಸೂಜಿಯೂ ಸೇರಿದ ಗುಂಪಿನಲ್ಲಿ 91. ಎಣಿಸಿದವರಿಗೆ ಯಾರು ಯಾವ ಗುಂಪು ಅಂತ ಗೊತ್ತಿರಲಿಲ್ಲ. ಆದ್ದರಿಂದ ಈ ಅಂಕಿಗೆ ಬೆಲೆ ಇದೆ. ಆದರೆ 12 ವಾರ ಕೂದಲಿನ ಲೆಕ್ಕದಲ್ಲಿ ಬಹಳ ಕಡಿಮೆ ಕಾಲ. ಎರಡು ಮೂರು ವರ್ಷದ ಮಾತನ್ನು ಅದರಿಂದ ಹೇಳಲು ಬರುವುದಿಲ್ಲ.

ಈ ಅಧ್ಯಯನವನ್ನು ಓದಿದವರು, ಅಥವಾ ಯಾರೋ ಓದಿ ಹೇಳಿದ್ದನ್ನು ಕೇಳಿದವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ರೋಲರ್ ಮಾಡಿದ ದಿನ ಆ ಗುಂಪಿನವರು ಮಿನಾಕ್ಸಿಡಿಲ್ ಹಚ್ಚಲಿಲ್ಲ. 24 ಗಂಟೆ ಬಿಟ್ಟು ಶುರು ಮಾಡಿದರು. ಚುಚ್ಚಿದ ನೆತ್ತಿಗೆ ತಕ್ಷಣ ಹಚ್ಚಿದರೆ ಔಷಧ ಸೀದಾ ರಕ್ತಕ್ಕೆ ಜಾಸ್ತಿ ಸೇರಬಹುದು. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡ ಇಳಿಸುವ ಔಷಧ. ತಲೆ ಸುತ್ತು, ಎದೆ ಬಡಿತ ಬರುವುದು ಹೀಗೇ. ಅದರ ದ್ರಾವಣದಲ್ಲಿರುವ ಆಲ್ಕೋಹಾಲ್ ಉರಿ ಬೇರೆ.

ಪೂರ್ತಿ ನುಣ್ಣಗಾಗಿ ಎಷ್ಟೋ ವರ್ಷವಾದ ನೆತ್ತಿಗೆ ಸೂಜಿಯಿಂದ ಕೂದಲು ತರಲು ಆಗುವುದಿಲ್ಲ. ಅಲ್ಲಿ ಎಚ್ಚರಿಸಲು ಬುಡವೇ ಉಳಿದಿರುವುದಿಲ್ಲ. ಜ್ವರ, ಹೆರಿಗೆ, ಶಸ್ತ್ರಚಿಕಿತ್ಸೆ, ಕಬ್ಬಿಣಾಂಶದ ಕೊರತೆ ಇವುಗಳ ನಂತರ ಗೊಂಚಲು ಗೊಂಚಲಾಗಿ ಉದುರುವ ಕೂದಲಿಗೂ ಸೂಜಿ ಬೇಡ. ಕಾರಣ ಸರಿಪಡಿಸಿದರೆ ಅದು ತಾನಾಗಿ ಬರುತ್ತದೆ. ಅದಕ್ಕೇ ಮೊದಲು ಯಾವ ಬಗೆಯ ಉದುರುವಿಕೆ ಅಂತ ಗೊತ್ತಾಗಬೇಕು. ರೋಲರ್ ಆಮೇಲೆ.

ಇನ್ನು ಅಪಾಯ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಆದರೆ ರಕ್ತ ಬರುವ ಯಾವ ಕೆಲಸವೂ ಸುಮ್ನೆ ಬ್ಯೂಟಿ ಟ್ರೀಟ್‌ಮೆಂಟ್ ಆಗಿ ಉಳಿಯುವುದಿಲ್ಲ.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಒಂದು ಸ್ಪಾದಲ್ಲಿ, ರೋಗಿಯದೇ ರಕ್ತದಿಂದ ತೆಗೆದ ಪ್ಲಾಸ್ಮಾ ಹಚ್ಚಿ ಸೂಜಿ ಚುಚ್ಚುವ ಚಿಕಿತ್ಸೆ ಕೊಡುತ್ತಿದ್ದರು. ವ್ಯಾಂಪೈರ್ ಫೇಶಿಯಲ್ ಅಂತ ಅದಕ್ಕೆ ಹೆಸರು. ಆ ಸ್ಪಾಗೆ ಪರವಾನಗಿ ಇರಲಿಲ್ಲ. 2018ರಲ್ಲಿ ಅದು ಮುಚ್ಚಿತು. ಅಲ್ಲಿ ಮಾಡಿಸಿಕೊಂಡ ಕನಿಷ್ಠ ಮೂವರು ಮಹಿಳೆಯರಿಗೆ ಎಚ್‌ಐವಿ ತಗಲಿದ್ದು ಆ ಸೂಜಿಗಳಿಂದಲೇ ಇರಬೇಕು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2024ರಲ್ಲಿ ವರದಿ ಮಾಡಿತು. ಒಮ್ಮೆ ಬಳಸಿ ಎಸೆಯಬೇಕಾದ ಸಾಮಗ್ರಿಯನ್ನು ಮತ್ತೆ ಬಳಸಿದ ಕುರುಹು ಅಲ್ಲಿ ಸಿಕ್ಕಿತ್ತು. ಪೊಟ್ಟಣ ನಿಮ್ಮೆದುರೇ ಹರಿಯಲಿ ಅಂತ ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

ಎರಡನೆಯದು, ಹಚ್ಚುವ ವಸ್ತು. 2014ರಲ್ಲಿ ಮೂವರು ಮಹಿಳೆಯರ ಬಗ್ಗೆ ಒಂದು ವರದಿ ಬಂತು. ಸೂಜಿಯ ಜೊತೆ ಸೀರಮ್‌ಗಳನ್ನು ಬಳಸಿದ್ದರು. ಆಮೇಲೆ ಮುಖದ ಮೇಲೆ ಗಟ್ಟಿ ಗಂಟುಗಳಂಥ ಅಲರ್ಜಿ ಎದ್ದಿತು. ಅದು ಸುಲಭವಾಗಿ ಹೋಗಲಿಲ್ಲ. ವಿಟಮಿನ್ ಸಿ ಸೀರಮ್‌ನತ್ತ ಬೆರಳು ಹೋಯಿತು. ಸೀರಮ್ ಕೆಟ್ಟದ್ದು ಅಂತಲ್ಲ. ಅದನ್ನು ಚರ್ಮದ ಮೇಲೆ ಹಚ್ಚಲು ತಯಾರಿಸಿರುತ್ತಾರೆ, ಚರ್ಮದ ಒಳಗೆ ಇಳಿಸಲು ಅಲ್ಲ. ಅದರಲ್ಲಿ ಪರಿಮಳ ಇರುತ್ತದೆ, ಕೆಡದಂತೆ ಹಾಕಿದ ರಾಸಾಯನಿಕ ಇರುತ್ತದೆ. ಡರ್ಮಿಸ್‌ಗೆ ಇವು ಪರಕೀಯ ವಸ್ತು.

ಮೂರನೆಯದು, ರೇಡಿಯೋ ಫ್ರೀಕ್ವೆನ್ಸಿ ಸೇರಿಸಿದ ಸೂಜಿಗಳು. ಇವುಗಳ ತುದಿಯಿಂದ ಶಾಖ ಹೊರಡುತ್ತದೆ. ಚರ್ಮ ಬಿಗಿ ಮಾಡಲು ಬಳಸುತ್ತಾರೆ. ಸಾದಾ ಸೂಜಿಗೆ ಹೇಳಿದ ಸುರಕ್ಷತೆಯ ಮಾತನ್ನು ಇದಕ್ಕೆ ಹಚ್ಚಬೇಡಿ. ಸುಟ್ಟ ಗಾಯ, ಕೆನ್ನೆಯ ಕೊಬ್ಬು ಕರಗುವುದು, ನರಕ್ಕೆ ಪೆಟ್ಟು ಇವುಗಳ ಬಗ್ಗೆ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಅಕ್ಟೋಬರ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ಅನುಭವ ಇರುವ ವೈದ್ಯರ ಕೈಯಲ್ಲಿ ಮಾತ್ರ.

ಯಾರು ಮಾಡಿಸಿಕೊಳ್ಳಬಾರದು? ಕೀವು ತುಂಬಿದ ಮೊಡವೆ ಇರುವಾಗ ಬೇಡವೇ ಬೇಡ. ರೋಲರ್ ಒಂದು ಮೊಡವೆಯ ಕೀವನ್ನು ಇಡೀ ಕೆನ್ನೆಗೆ ಹಂಚಿಬಿಡುತ್ತದೆ. ನರಹುಲಿ, ತುಟಿಯ ಮೇಲೆ ಏಳುವ ಹರ್ಪಿಸ್ ಗುಳ್ಳೆ ಇದ್ದರೂ ಅಷ್ಟೆ. ಸೋರಿಯಾಸಿಸ್, ತೊನ್ನು ಇರುವವರಿಗೆ ಚುಚ್ಚಿದ ಜಾಗದಲ್ಲೇ ಹೊಸ ಮಚ್ಚೆ ಏಳಬಹುದು. ಗಾಯವಾದರೆ ಉಬ್ಬಿ ಬೆಳೆಯುವ ಕೀಲಾಯ್ಡ್ ಸ್ವಭಾವ ಇರುವವರು, ಹತೋಟಿಯಲ್ಲಿರದ ಸಕ್ಕರೆ ಕಾಯಿಲೆ ಇರುವವರು, ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧದಲ್ಲಿರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ಮನೆಯಲ್ಲಿ ರೋಲರ್ ಬಳಸುವವರಿಗೆ ಒಂದೆರಡು ಮಾತು. ಬಳಸಿದ ಅಗ್ಗದ ರೋಲರನ್ನು ಭೂತಗನ್ನಡಿಯಲ್ಲಿ ನೋಡಿದ್ದೀರಾ? ಹೊಸದರಲ್ಲಿ ಚೂಪಾಗಿದ್ದ ತುದಿ ಮೊಂಡಾಗಿರುತ್ತದೆ, ಕೆಲವು ಕೊಕ್ಕೆಯಂತೆ ಬಾಗಿರುತ್ತವೆ. ಕೊಕ್ಕೆ ಒಳಗೆ ಹೋಗುವಾಗ ಚುಚ್ಚುತ್ತದೆ, ಹೊರಗೆ ಬರುವಾಗ ಹರಿಯುತ್ತದೆ. ಜೊತೆಗೆ ಉರುಳೆ ತಿರುಗುವಾಗ ಸೂಜಿ ಓರೆಯಾಗಿ ಹೋಗಿ ಓರೆಯಾಗಿ ಬರುತ್ತದೆ. ಸ್ಪಿರಿಟ್‌ನಲ್ಲಿ ನೆನೆಸಿದರೆ ಕ್ರಿಮಿ ಕಡಿಮೆಯಾಗುತ್ತದೆ, ಆದರೆ ಆಸ್ಪತ್ರೆಯಲ್ಲಿ ಆಟೋಕ್ಲೇವ್‌ನ 121 ಡಿಗ್ರಿ ಹಬೆಯಲ್ಲಿ ಆಗುವಷ್ಟು ಶುದ್ಧಿ ಅದರಿಂದ ಆಗುವುದಿಲ್ಲ. ನನ್ನ ಸಲಹೆ ಕೇಳುವುದಾದರೆ, ಅರ್ಧ ಮಿಲಿಮೀಟರ್ ಮತ್ತು ಅದಕ್ಕಿಂತ ಉದ್ದದ ಸೂಜಿ ಮನೆಯಲ್ಲಿ ಬೇಡ. ಅಮೆರಿಕದಲ್ಲಿ ಎಫ್‌ಡಿಎ ಸ್ಕಿನ್‌ಪೆನ್ ಎಂಬ ಸಾಧನವನ್ನು 2018ರಲ್ಲಿ ಮುಖದ ಮೊಡವೆ ಕಲೆಗೆ ಒಪ್ಪಿಕೊಂಡಿತು. ಆದರೆ ಅದು ಜನ ತಾವೇ ಅಂಗಡಿಯಿಂದ ಕೊಂಡು ಬಳಸಲು ಅಲ್ಲ. ಅಕ್ಕ ತಂಗಿಯರೇ ಆಗಲಿ, ಗಂಡ ಹೆಂಡತಿಯೇ ಆಗಲಿ, ಒಂದೇ ರೋಲರನ್ನು ಇಬ್ಬರು ಬಳಸಲೇಬಾರದು.

ಇಲ್ಲಿಗೆ ನನ್ನ ಮಾತು ಮುಗಿಸಿ ಪ್ರಶ್ನೆಗಳಿಗೆ ಬಿಟ್ಟೆ.

ಒಬ್ಬ ಯುವಕ ಕೇಳಿದರು: 'ಮೇಡಂ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಳ್ತಿದ್ದೀನಿ. ಅದು ನಿಲ್ಲಿಸಿದ ಮೇಲೆ ಸೂಜಿ ಚಿಕಿತ್ಸೆಗೆ ಆರು ತಿಂಗಳು ಕಾಯಲೇಬೇಕಾ?' ಹಿಂದೆ ಎಲ್ಲರೂ ಹಾಗೇ ಹೇಳುತ್ತಿದ್ದೆವು. 2017ರಲ್ಲಿ ಅಮೆರಿಕದ ಚರ್ಮತಜ್ಞರು ಹಳೆಯ ಅಧ್ಯಯನಗಳನ್ನೆಲ್ಲ ತಿರುಗಿ ನೋಡಿ, ಕೆಲವು ಚಿಕಿತ್ಸೆಗಳನ್ನು ಅಷ್ಟು ಮುಂದೂಡಲು ಸಾಕಷ್ಟು ಆಧಾರವಿಲ್ಲ ಎಂದರು. ಆದ್ದರಿಂದ ಈಗ ಒಬ್ಬೊಬ್ಬರನ್ನು ನೋಡಿ ತೀರ್ಮಾನ ಮಾಡುತ್ತೇವೆ. ಮಾತ್ರೆಯ ವಿಷಯ ಮುಚ್ಚಿಡಬೇಡಿ, ಅಷ್ಟೆ.

ಹಿಂದಿನ ಸಾಲಿನಿಂದ ಒಬ್ಬ ಮಹಿಳೆ: 'ಮನೆಯಲ್ಲಿ ಸಮಾರಂಭ ಇದೆ, ಎರಡು ವಾರ ಉಳಿದಿದೆ. ಈಗ ಮಾಡಿಸಬಹುದಾ?' ಬೇಡ ಅಂದೆ. ಎರಡು ವಾರದಲ್ಲಿ ಕೊಲಾಜೆನ್ ಕೆಲಸ ಕಣ್ಣಿಗೆ ಕಾಣುವಷ್ಟು ಆಗಿರುವುದಿಲ್ಲ. ಅಕಸ್ಮಾತ್ ಕಪ್ಪು ಕಲೆ ಎದ್ದರೆ ಅದು ಹೋಗಲು ತಿಂಗಳುಗಳು ಬೇಕು. ಲಾಭ ಇಲ್ಲ, ನಷ್ಟದ ಭಯ ಮಾತ್ರ ಇದೆ. ಸಮಾರಂಭ ಮುಗಿಸಿಕೊಂಡು ಬನ್ನಿ.

'ಗುಣ ಆಗ್ತಿದೆಯೋ ಇಲ್ಲವೋ ಅಂತ ನಮಗೇ ಗೊತ್ತಾಗೋದು ಹೇಗೆ?' ಎಂದು ಒಬ್ಬ ಹಿರಿಯರು ಕೇಳಿದರು. ಕನ್ನಡಿ ನಂಬಬೇಡಿ. ಶುರು ಮಾಡುವ ಮುಂಚೆ ಒಂದೇ ಕಿಟಕಿಯ ಪಕ್ಕ, ಒಂದೇ ಹೊತ್ತಿಗೆ, ಬೆಳಕು ಪಕ್ಕದಿಂದ ಬೀಳುವಂತೆ ಫೋಟೋ ತೆಗೆದಿಡಿ. ಎದುರಿನ ಬೆಳಕಲ್ಲಿ ಗುಳಿ ಕಾಣುವುದೇ ಇಲ್ಲ. ಕೂದಲಿಗಾದರೆ ಬೈತಲೆ ಒಂದೇ ಜಾಗದಲ್ಲಿ ತೆಗೆದು, ಒಣಗಿದ ಕೂದಲಿನಲ್ಲೇ ಫೋಟೋ ತೆಗೆಯಿರಿ. ಮೂರು ತಿಂಗಳಿಗೊಮ್ಮೆ ಹೋಲಿಸಿದರೆ ಸಾಕು.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು: 'ಮಾಡಿಸಿಕೊಂಡ ಮೇಲೆ ಯಾವಾಗ ಗಾಬರಿ ಪಡಬೇಕು?' ಕೆಂಪು, ಉರಿ, ಬಿಗಿತ ದಿನದಿನಕ್ಕೆ ಇಳಿಯುತ್ತಿದ್ದರೆ ಗಾಬರಿ ಬೇಡ. ಮೂರನೇ ದಿನದ ಮೇಲೆ ನೋವು ಏರುತ್ತಿದ್ದರೆ, ಕೀವು ಬಂದರೆ, ನೀರುಗುಳ್ಳೆ ಗುಂಪಾಗಿ ಎದ್ದರೆ, ಜ್ವರ ಬಂದರೆ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ವಾರಗಳಾದ ಮೇಲೂ ಗಟ್ಟಿ ಗಂಟು ಕೈಗೆ ಸಿಕ್ಕಿದರೂ ತೋರಿಸಬೇಕು. ಮನೆಯಲ್ಲಿದ್ದ ಯಾವುದೋ ಸ್ಟಿರಾಯ್ಡ್ ಮುಲಾಮು ಹಚ್ಚಿ ಕಾಯಬೇಡಿ. ಮಾಡಿದವರಿಗೆ ಫೋನ್ ಮಾಡಿ, ಸೂಜಿ ಎಷ್ಟು ಉದ್ದದ್ದು, ಜೊತೆಗೆ ಏನು ಹಚ್ಚಿದರು ಅಂತ ಕೇಳಿ ಬರೆದುಕೊಂಡು ಹೋಗಿ. ನೋಡುವ ವೈದ್ಯರು ಮೊದಲು ಕೇಳುವುದೇ ಆ ಎರಡು ವಿಷಯ.